ಗೋಡೆಯ ಮೇಲೆ ಹುಲಿ ಇದೆ, ಗಂಟು ಎಲ್ಲಿ?

ನಮ್ಮ ಗಂಟುಮೂಟೆಯ ಬಗ್ಗೆ ರೈಲ್ವೆಯವರು ಗೋಡೆಯ ಮೇಲೆ ಬರೆದಿರುವುದು ಒಂದೇ ಒಂದು ಮಾತು. ಸಾಮಾನು ಕಡಿಮೆ ಇದ್ದರೆ ಪ್ರಯಾಣ ಸುಖವಂತೆ! ನೀವೂ ಓದಿರುತ್ತೀರಿ. ಈ ಸುಭಾಷಿತ ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಆದರೆ ಆತ ಎರಡು ಮಕ್ಕಳು, ಅರ್ಧ ಚೀಲ ಜೋಳ, ಎರಡು ಕೌದಿ, ಒಂದು ಬಕೆಟು, ಬಕೆಟಿನೊಳಗೆ ತವೆ, ತವೆಯ ಮೇಲೆ ರೊಟ್ಟಿಯ ಬುತ್ತಿ ಇಷ್ಟನ್ನೂ ಹೊತ್ತುಕೊಂಡು ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ಹತ್ತಿದವನಂತೂ ಅಲ್ಲ. ಅವನಿಗೆ ಸಾಮಾನು ಎಂದರೆ ಪ್ರವಾಸಕ್ಕೆ ಒಯ್ಯುವ ನಾಲ್ಕು ಜೊತೆ ಬಟ್ಟೆ. ನಾನು ಹೇಳುತ್ತಿರುವ ಮನುಷ್ಯನಿಗೆ ಅದು ಇಡೀ ಮನೆ. ಮನೆಯನ್ನು ಕಡಿಮೆ ಮಾಡಿಕೊಂಡು ಬಾ ಎಂದರೆ ಏನು ಬಿಟ್ಟು ಬರಬೇಕು ಸ್ವಾಮಿ? ತವೆಯನ್ನೋ, ಕೌದಿಯನ್ನೋ?

ಈಗ ಈ ವಿಷಯ ಎತ್ತಲು ಕಾರಣ ಇದೆ. ಸ್ವಾರಗೇಟಿನಿಂದ ನಮ್ಮ ಕಾತ್ರಜದವರೆಗೆ ನೆಲದಡಿಯ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸುಮಾರು ಐದೂವರೆ ಕಿಲೋಮೀಟರು. ಇಷ್ಟು ವರ್ಷ ರೈಲು ಹಿಡಿಯಬೇಕೆಂದರೆ ಊರಿನ ಆ ತುದಿಗೆ ಹೋಗುತ್ತಿದ್ದ ನಮಗೆ ಇದು ಸಂತೋಷದ ಸುದ್ದಿಯೇ. ಆದರೆ ನಿಲ್ದಾಣ ಎಂದಮೇಲೆ ಗೋಡೆ ಬರುತ್ತದೆ, ಗೋಡೆ ಎಂದಮೇಲೆ ಚಿತ್ರ ಬರುತ್ತದೆ. ಡೆಕ್ಕನ್ ಮತ್ತು ಸಂಭಾಜಿ ಉದ್ಯಾನ ನಿಲ್ದಾಣಗಳಿಗೆ ಮಾವಳೆಯರ ಪಗಡಿಯ ಆಕಾರ ಕೊಟ್ಟಿದ್ದಾರೆ, ಚೆನ್ನಾಗಿದೆ. ಕಾತ್ರಜಕ್ಕೆ ಏನು ಬರಬಹುದು ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಪ್ರಾಣಿ ಸಂಗ್ರಹಾಲಯ ಇದೆ, ಆದ್ದರಿಂದ ಹುಲಿ ಮತ್ತು ನಾಗರಹಾವು. ಪೇಶ್ವೆಯವರ ಕಾಲದಲ್ಲಿ ಶನಿವಾರವಾಡಕ್ಕೆ ನೀರು ಒಯ್ಯುತ್ತಿದ್ದ ಕೆರೆ ಇದೆ, ಆದ್ದರಿಂದ ಕೆರೆ. ಹಾಲಿನ ಡೇರಿ ಇದೆ, ಆದ್ದರಿಂದ ಎಮ್ಮೆ. ಎಲ್ಲವೂ ಇರುತ್ತದೆ. ಆದರೆ ಈ ಊರಿಗೆ ಚೀಲ ಹಿಡಿದುಕೊಂಡು ಬಂದು ಇಳಿದವರು? ಅವರು ಇರುವುದಿಲ್ಲ. ನನ್ನ ತಕರಾರು ಅದೇ.

ಈ ತಕರಾರಿಗೆ ಸಾಕ್ಷಿ ಬೇಕಾದರೆ ಸ್ವಲ್ಪ ದೂರ, ಅಂದರೆ ರೈಲು ಹುಟ್ಟಿದ ನಾಡಿಗೇ ಹೋಗಬೇಕು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ರೈಲು ಹೊಸದು. ಆ ಹೊಸ ವಸ್ತುವನ್ನು ಹೇಗೆ ಚಿತ್ರಿಸಬೇಕು ಎಂದು ಅಲ್ಲಿನ ಕಲಾವಿದರಿಗೂ ತಿಳಿದಿರಲಿಲ್ಲ. ವಿಲಿಯಂ ಪೊವೆಲ್ ಫ್ರಿತ್ ಎಂಬಾತ 1862ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣವನ್ನು ಬರೆದ. ಎರಡೂವರೆ ಮೀಟರ್ ಅಗಲದ ಚಿತ್ರ, ಹೆಸರೂ 'ರೈಲ್ವೆ ಸ್ಟೇಷನ್' ಅಂತಲೇ. ಫ್ಲ್ಯಾಟೋ ಎಂಬ ವ್ಯಾಪಾರಿ ಅದಕ್ಕೆ 4,500 ಪೌಂಡ್ ಕೊಟ್ಟ. ಅವನೇನು ದಡ್ಡನಲ್ಲ. ಟಿಕೆಟ್ ಇಟ್ಟು ಪ್ರದರ್ಶನ ಮಾಡಿದ, ಏಳು ವಾರಗಳಲ್ಲಿ 21,150 ಜನ ದುಡ್ಡು ಕೊಟ್ಟು ನೋಡಿದರು. ಯೋಚಿಸಿ, ದಿನಾ ಕಾಣುವ ಪ್ಲಾಟ್‌ಫಾರ್ಮನ್ನು ಚಿತ್ರದಲ್ಲಿ ನೋಡಲು ಜನ ಸಾಲು ನಿಂತರು!

ಆ ಚಿತ್ರದಲ್ಲಿ ಏನಿದೆ? ಬ್ರೂನೆಲ್ ಕಟ್ಟಿಸಿದ ಕಬ್ಬಿಣ-ಗಾಜಿನ ಚಾವಣಿ ಇದೆ, ನಿಜ. ಆದರೆ ಅದನ್ನು ಬರೆಯುವ ಕೆಲಸವನ್ನು ಫ್ರಿತ್ ಬಹುಪಾಲು ಬೇರೊಬ್ಬರಿಗೆ ವಹಿಸಿಬಿಟ್ಟಿದ್ದ. ಅವನ ಕಣ್ಣು ಇದ್ದದ್ದು ಕೆಳಗೆ, ಜನರ ಮೇಲೆ. ಬೋರ್ಡಿಂಗ್ ಶಾಲೆಗೆ ಹೊರಟ ಮಗನಿಗೆ ತಾಯಿ ಮುತ್ತು ಕೊಡುತ್ತಿದ್ದಾಳೆ (ಆ ಕುಟುಂಬ ಫ್ರಿತ್‌ನದೇ). ಮದುವೆಯಾಗಿ ಹೊರಟ ಹೆಣ್ಣು, ಅವಳನ್ನು ಬೀಳ್ಕೊಡುವ ಗೆಳತಿಯರು. ಬಾಡಿಗೆ ಗಾಡಿಯವನ ಜೊತೆ ಜಗಳಕ್ಕೆ ನಿಂತ ವಿದೇಶಿ ಪ್ರಯಾಣಿಕ. ನಮ್ಮ ಪುಣೆ ಸ್ಟೇಷನ್ನಿನ ಹೊರಗೆ ರಿಕ್ಷಾದವರ ಜೊತೆ ನಡೆಯುವುದೂ ಇದೇ ತಾನೇ? ಬಲತುದಿಯಲ್ಲಿ ಇನ್ನೇನು ರೈಲು ಹತ್ತಬೇಕು ಎನ್ನುವಾಗ ಪೊಲೀಸರ ಕೈಗೆ ಸಿಕ್ಕ ಅಪರಾಧಿ. ಇವೆಲ್ಲದರ ಹಿಂದೆ ಬೋಗಿಯ ನೆತ್ತಿಯ ಮೇಲೆ ಪೆಟ್ಟಿಗೆ ಏರಿಸುತ್ತಿರುವ ಪೋರ್ಟರುಗಳು. ಆ ಚಿತ್ರದಿಂದ ಪೆಟ್ಟಿಗೆಗಳನ್ನು ಅಳಿಸಿಬಿಡಿ ನೋಡೋಣ. ಬಟ್ಟೆ ಹಾಕಿಕೊಂಡ ಜನ ಸುಮ್ಮನೆ ಒಂದು ದೊಡ್ಡ ಹಾಲಿನಲ್ಲಿ ನಿಂತಂತೆ ಕಾಣುತ್ತದೆ, ಯಾರೂ ಎಲ್ಲಿಗೂ ಹೊರಟಿರುವುದಿಲ್ಲ.

ಇದಕ್ಕೂ ಎಂಟು ವರ್ಷ ಮೊದಲು, 1854ರಲ್ಲಿ, ಏಬ್ರಹಾಂ ಸಾಲೊಮನ್ ಎಂಬಾತ ಜೋಡಿ ಚಿತ್ರ ಬರೆದಿದ್ದ. ಒಂದು ಫಸ್ಟ್ ಕ್ಲಾಸು, ಇನ್ನೊಂದು ಸೆಕೆಂಡ್ ಕ್ಲಾಸು. ಫಸ್ಟ್ ಕ್ಲಾಸಿನಲ್ಲಿ ಹುಡುಗ-ಹುಡುಗಿ ಮಾತಾಡುತ್ತಿದ್ದಾರೆ, ಜೊತೆಯಲ್ಲಿದ್ದ ಮುದುಕ ನಿದ್ದೆ ಹೊಡೆಯುತ್ತಿದ್ದಾನೆ. ಸೆಕೆಂಡ್ ಕ್ಲಾಸಿನಲ್ಲಿ ಬರಿಯ ಹಲಗೆ, ದೂರದೇಶಕ್ಕೆ ಹೊರಟ ಹುಡುಗ, ಅವನ ಕೈ ಹಿಡಿದುಕೊಂಡ ತಾಯಿ. ಬೆನ್ನ ಹಿಂದಿನ ಹಲಗೆಗೆ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗುಗಳ ಜಾಹೀರಾತು ಅಂಟಿಸಿದೆ. ಯಾವ ಚಿತ್ರದ ಬಗ್ಗೆ ಗಲಾಟೆ ಎದ್ದಿತು ಹೇಳಿ? ಫಸ್ಟ್ ಕ್ಲಾಸಿನದು! ಹಿರಿಯರು ಮಲಗಿರುವಾಗ ಹುಡುಗಿ ಹೀಗೆ ಮಾತಾಡುವುದೇ ಎಂದು. ಪಾಪ, ಸಾಲೊಮನ್ ಅದನ್ನು ಮತ್ತೆ ಬರೆದು ಮುದುಕನನ್ನು ಎಬ್ಬಿಸಿ ನಡುವೆ ಕೂರಿಸಿದ. ಹೊಟ್ಟೆಪಾಡಿಗೆ ಭೂಮಿಯ ಇನ್ನೊಂದು ತುದಿಗೆ ಹೊರಟ ಹುಡುಗನನ್ನು ನೋಡಿ ಯಾರಿಗೂ ಮುಜುಗರವಾಗಲಿಲ್ಲ. ಆದರೂ, ಆ ಹುಡುಗ ಚಿತ್ರದಲ್ಲಿ ಇದ್ದಾನೆ. ನನಗೆ ಮುಖ್ಯವಾದದ್ದು ಅಷ್ಟೇ.

ಶ್ರೀಮಂತರ ಸಾಮಾನು ನೋಡಬೇಕಾದರೆ ಜಾರ್ಜ್ ಅರ್ಲ್ ಬರೆದ ಕಿಂಗ್ಸ್ ಕ್ರಾಸ್ ನಿಲ್ದಾಣದ ಚಿತ್ರ (1893) ನೋಡಬೇಕು. ಸ್ಕಾಟ್ಲೆಂಡಿಗೆ ಹಕ್ಕಿ ಬೇಟೆಗೆ ಹೊರಟ ದೊಡ್ಡವರು. ಪ್ಲಾಟ್‌ಫಾರ್ಮ್ ತುಂಬಾ ಬಂದೂಕು, ಗಾಳ, ಕಂಬಳಿ, ಪೆಟ್ಟಿಗೆ ಮತ್ತು ನಾಯಿಗಳು. ಎರಡು ವರ್ಷದ ನಂತರ ಅವರೆಲ್ಲ ವಾಪಸು ಬರುವ ಚಿತ್ರವನ್ನೂ ಬರೆದ, ಅದು ಪರ್ತ್ ನಿಲ್ದಾಣದ್ದು. ಎರಡನ್ನೂ ಯಾರ್ಕ್ ನಗರದ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಇಟ್ಟುಕೊಂಡಿದ್ದಾರೆ. ಇಷ್ಟು ಸಾಮಾನು ಯಾಕೆ ಎಂದು ಆ ದೊರೆಗಳನ್ನು ಯಾರೂ ಕೇಳಲಿಲ್ಲ. ಇನ್ನು ಫ್ರಾನ್ಸಿನ ಡೋಮಿಯೇ 1860ರ ದಶಕದಲ್ಲಿ ಬರೆದ 'ಥರ್ಡ್ ಕ್ಲಾಸ್ ಬೋಗಿ'. ಹಾಲೂಡಿಸುವ ತಾಯಿ, ಅವಳ ಪಕ್ಕದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದ ಮುದುಕಿ, ಒರಗಿ ಮಲಗಿದ ಹುಡುಗ. ಆ ಅಜ್ಜಿಗೆ ಇಳಕಲ್ ಸೀರೆ ಉಡಿಸಿದರೆ ಸೊಲ್ಲಾಪುರದಲ್ಲಿ ಹತ್ತಿದವಳು ಎನ್ನಬೇಕು, ಅಷ್ಟು ನಮ್ಮವಳು. ಬುಟ್ಟಿ ಹಿಡಿದ ಆ ಕೈಗಳನ್ನು ನೋಡಿ ಒಮ್ಮೆ. ಪಕ್ಕದಲ್ಲಿ ಇಟ್ಟರೆ ಯಾರಾದರೂ ಒಯ್ದಾರು ಎಂಬ ಭಯ ಅದರಲ್ಲಿದೆ.

ಇದೇ ಕಾಲದಲ್ಲಿ ಅದೇ ಇಂಗ್ಲಿಷರು ನಮ್ಮಲ್ಲಿ ಏನು ಮಾಡಿದರು? ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ ಕೆಲಸ 1878ರಲ್ಲಿ ಶುರುವಾಗಿ ಹತ್ತು ವರ್ಷ ನಡೆಯಿತು. ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ, ಬಾಂಬೆ ಸ್ಕೂಲ್ ಆಫ್ ಆರ್ಟ್‌ನ ನಮ್ಮ ಹುಡುಗರ ಕೈಯ ಕೆತ್ತನೆ. ನವಿಲು ಇದೆ, ಮಂಗ ಇದೆ, ಎಲೆ-ಬಳ್ಳಿ ಇದೆ. ಗೇಟಿನ ಕಂಬಗಳ ಮೇಲೆ ಇಂಗ್ಲೆಂಡಿನ ಸಿಂಹ, ಹಿಂದೂಸ್ಥಾನದ ಹುಲಿ. ಗುಮ್ಮಟದ ತುದಿಯಲ್ಲಿ ಪ್ರಗತಿ ದೇವಿ. 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕಲ್ಲಿನ ಕೆಲಸಕ್ಕೆ ಕೈಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಯಾಡಿಂಗ್ಟನ್ನಿನಲ್ಲಿ ಚಿತ್ರವಾದ ಪ್ರಯಾಣಿಕ ಬೋರಿಬಂದರಿಗೆ ಬರುವಷ್ಟರಲ್ಲಿ ಹುಲಿಯಾಗಿಬಿಟ್ಟ! ತಮ್ಮ ದೇಶದ ಸ್ಟೇಷನ್ನಿನಲ್ಲಿ ಅವರಿಗೆ ಮನುಷ್ಯರು ಕಂಡರು, ನಮ್ಮ ದೇಶದ ಸ್ಟೇಷನ್ನಿನಲ್ಲಿ ಪ್ರಾಣಿಪಕ್ಷಿ ಕಂಡವು. ಭೋರ್ ಘಾಟಿನಲ್ಲಿ ಬಂಡೆ ಒಡೆದು ಹಳಿ ಹಾಕುತ್ತಾ ಸತ್ತ ಸಾವಿರಾರು ಕೂಲಿಗಳ ಮಾತಂತೂ ದೂರವೇ ಉಳಿಯಿತು.

ಆ ಕಾಲದ ನಮ್ಮ ಥರ್ಡ್ ಕ್ಲಾಸು ಹೇಗಿತ್ತು ಎಂದು ತಿಳಿಯಲು ಚಿತ್ರ ಸಿಗುವುದಿಲ್ಲ, ಗಾಂಧೀಜಿ 1917ರಲ್ಲಿ ಬರೆದ ಲೇಖನ ಸಿಗುತ್ತದೆ. ಮುಂಬಯಿಯಿಂದ ಮದ್ರಾಸಿಗೆ ಅವರು ಹೋದದ್ದು ನಮ್ಮದೇ ದಾರಿಯಲ್ಲಿ. ಇಪ್ಪತ್ತೆರಡು ಜನರ ಬೋಗಿ. ಪುಣೆಯವರೆಗೆ ಹೆಚ್ಚು ಜನ ನುಗ್ಗದಿದ್ದದ್ದು ಒಳಗಿದ್ದ ಗಟ್ಟಿಗರು ಬಾಗಿಲಲ್ಲಿ ತಡೆದದ್ದರಿಂದ, ರಾಯಚೂರು ದಾಟಿದ ಮೇಲೆ ಒತ್ತಡ ತಡೆಯಲಾಗದಷ್ಟಾಯಿತು ಎಂದು ಬರೆಯುತ್ತಾರೆ. ಪುಣೆ ಮತ್ತು ರಾಯಚೂರು, ಎರಡೂ ಹೆಸರು ಒಂದೇ ಲೇಖನದಲ್ಲಿ! ನೂರು ವರ್ಷ ಕಳೆಯಿತು. 1974ರಲ್ಲಿ ಥರ್ಡ್ ಕ್ಲಾಸ್ ಎಂಬ ಹೆಸರು ಹೋಯಿತು. ರಾಯಚೂರಿನಲ್ಲಿ ಹತ್ತುವ ಜನರಲ್ ಬೋಗಿಯ ಜನಕ್ಕೆ ಹೆಸರು ಹೋದದ್ದು ಇನ್ನೂ ಗೊತ್ತಾಗಿರಲಿಕ್ಕಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಗೋಡೆ ಬದಲಾಗಬೇಕಿತ್ತು. ಬದಲಾಯಿತು ಕೂಡ. ಬಲ್ಲಾರ್‌ಶಾ, ಚಂದ್ರಾಪುರ ನಿಲ್ದಾಣಗಳಿಗೆ ತಾಡೋಬಾದ ಹುಲಿ ಬಂತು, ಮಧುಬನಿ ನಿಲ್ದಾಣಕ್ಕೆ 2017ರಲ್ಲಿ ಮಧುಬನಿ ಚಿತ್ರ ಬಂತು. ನಮ್ಮ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಶಂಕರ್‌ನಾಗ್ ಅವರ ಧಾರಾವಾಹಿಯ ನೆನಪಿಗೆ ಮಾಡಿದ್ದು, ಯಾರಿಗೆ ಬೇಡ ಹೇಳಿ. ನೂರೈವತ್ತನೇ ವರ್ಷದ ಆಚರಣೆಗೆಂದು 2002ರಲ್ಲಿ ರೈಲ್ವೆಯವರು ಭೋಲೂ ಎಂಬ ಆನೆಮರಿಯ ಲಾಂಛನ ಮಾಡಿದರು, ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. ಆನೆ ಕೈಯಲ್ಲಿ ಗಾರ್ಡಿನ ಹಸಿರು ಲಾಟೀನು ಹಿಡಿದಿದೆ. ಭಾರ ಹೊರುವುದಕ್ಕೆ ಹೆಸರಾದ ಪ್ರಾಣಿಗೂ ಒಂದು ಗಂಟು ಹೊರಿಸಲು ಮನಸ್ಸಾಗಲಿಲ್ಲ ನೋಡಿ...

ಈಗ ತೂಕದ ಲೆಕ್ಕಕ್ಕೆ ಬನ್ನಿ. ರೈಲಿನಲ್ಲಿ ಉಚಿತವಾಗಿ ಒಯ್ಯಬಹುದಾದ ಸಾಮಾನು ಎಸಿ ಫಸ್ಟ್ ಕ್ಲಾಸಿಗೆ 70 ಕಿಲೋ, ಸ್ಲೀಪರಿಗೆ 40, ಸೆಕೆಂಡ್ ಕ್ಲಾಸಿಗೆ 35. ಮೂರು ದಿನದ ಮದುವೆಗೆ ಹೋಗುವವನಿಗೆ 70. ಆರು ತಿಂಗಳ ಕೂಲಿಗೆ ಸಂಸಾರ ಕಿತ್ತುಕೊಂಡು ಹೊರಟವನಿಗೆ 35. ದುಡ್ಡು ಹೆಚ್ಚು ಕೊಟ್ಟವನಿಗೆ ಹೆಚ್ಚು ತೂಕ, ನ್ಯಾಯವೇ ಅಲ್ಲವೇ ಎಂದು ಕೇಳುವವರು ಇದ್ದಾರೆ. ಇರಲಿ. ಆದರೆ ಆ 'ಸಾಮಾನು ಕಡಿಮೆ' ಎಂಬ ಬೋಧನೆಯನ್ನು 70 ಕಿಲೋದವನ ಕ್ಯಾಬಿನ್ನಿನಲ್ಲಿ ಬರೆಯಿರಿ, ನಾನು ಸುಮ್ಮನಾಗುತ್ತೇನೆ. 2018ರಲ್ಲಿ ಹೆಚ್ಚುವರಿ ಸಾಮಾನಿಗೆ ಆರು ಪಟ್ಟು ದಂಡ ಎಂಬ ಸುದ್ದಿ ಬಂದು ಗುಲ್ಲೆದ್ದದ್ದು ನೆನಪಿದೆಯೇ? ಆಗ ನಮ್ಮ ಪರಿಚಿತರ ನಡುವೆಯೇ 'ಒಳ್ಳೆಯದಾಯಿತು, ಈ ಗೋಣಿಚೀಲದವರ ಕಾಟ ತಪ್ಪಿತು' ಎಂದವರು ಇದ್ದರು. ಚಕ್ರದ ಸೂಟ್‌ಕೇಸು ಬಂದ ಮೇಲೆ ನಮ್ಮವರಿಗೆ ಗೋಣಿಚೀಲ ಕಂಡರೆ ಆಗುವುದಿಲ್ಲ. ಅವರ ಅಪ್ಪನೋ ಅಜ್ಜನೋ ಘಟ್ಟದ ಕೆಳಗಿನಿಂದಲೋ ಬಾಗಲಕೋಟೆಯಿಂದಲೋ ಪುಣೆಗೆ ಬಂದಾಗ ತಗಡಿನ ಟ್ರಂಕು, ಹಗ್ಗ ಸುತ್ತಿದ ಹಾಸಿಗೆ ಹೊತ್ತೇ ಬಂದದ್ದು. ಆ ಟ್ರಂಕು ಈಗ ಅಟ್ಟದ ಮೇಲಿದೆ, ಒಳಗೆ ಹಳೆಯ ಕರೆಂಟ್ ಬಿಲ್ಲು!

ಹೊರುವವರ ಕಥೆಯೂ ಹೀಗೆಯೇ. ಕೆಂಪಂಗಿಯ ಕೂಲಿಗಳನ್ನು ಇನ್ನು ಮೇಲೆ 'ಸಹಾಯಕ' ಎನ್ನಬೇಕು ಎಂದು 2016ರ ರೈಲ್ವೆ ಬಜೆಟ್ಟಿನಲ್ಲಿ ಹೇಳಿದರು. ಹೆಸರು ಸಿಕ್ಕಿತು, ಸಂಬಳ ಸಿಗಲಿಲ್ಲ. ಈ ವಿಷಯದಲ್ಲಿ ಪುಣೆಗೆ ಒಂದು ದೊಡ್ಡಸ್ತಿಕೆ ಇದೆ, ಅದನ್ನು ಹೇಳಲೇಬೇಕು. ತಲೆಹೊರೆಯವರನ್ನು ಕೂಡಿಸಿ ಹಮಾಲ್ ಪಂಚಾಯತ್ ಕಟ್ಟಿದ ಬಾಬಾ ಆಢಾವ್ ಈ ಊರಿನವರು. ಅವರ 'ಕಷ್ಟಾಚೀ ಭಾಕರ್' ಊಟದ ಮನೆಗಳಲ್ಲಿ ಉಂಡ ಕನ್ನಡಿಗರು ಕಡಿಮೆಯೇ? ಕಾತ್ರಜದ ಮೆಟ್ರೋ ಹಾದುಹೋಗುವುದೂ ಆ ಹಮಾಲರ ಮಾರ್ಕೆಟ್ ಯಾರ್ಡಿನ ಕೆಳಗೇ. ಇಂಥ ಊರಿನ ಗೋಡೆಯ ಮೇಲೆ ಹೊರೆ ಹೊತ್ತ ಒಬ್ಬನಿಗೂ ಜಾಗ ಇಲ್ಲದಿದ್ದರೆ ಅದು ಪುಣೆಗೇ ಒಪ್ಪುವ ಮಾತಲ್ಲ.

'ಬಡತನವನ್ನು ಗೋಡೆಗೆ ಹಚ್ಚಿ ಏನು ಸುಖ, ನೋಡುವವರಿಗೆ ಸಂತೋಷ ಆಗಬೇಡವೇ' ಎಂದು ಒಬ್ಬ ಮಿತ್ರರು ವಾದಿಸಿದರು. ಗಂಟು ಹೊತ್ತವನು ಎಂದರೆ ಅವರ ಕಣ್ಣಿಗೆ ಬಡತನ ಮಾತ್ರ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. ಆ ಗಂಟನ್ನು ಬಿಚ್ಚಿ ನೋಡಿದ್ದಾರೆಯೇ? ಹರಿದ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯ ಬಣ್ಣಗಳ ಮುಂದೆ ಯಾವ ಡಿಸೈನರು ನಿಲ್ಲುತ್ತಾನೆ! ಎಂಟು ದಿನ ಕೆಡದ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಬಿಳಿ ಬಟ್ಟೆಯ ಗಂಟು ಕಟ್ಟಿದ ರೀತಿ. ಅದೆಲ್ಲ ಒಂದು ವಿದ್ಯೆ. ಫ್ರಿತ್‌ನ ಪ್ಯಾಡಿಂಗ್ಟನ್ನಿನಲ್ಲಿ ಇದರ ಹತ್ತನೇ ಒಂದು ಭಾಗ ಬಣ್ಣವೂ ಇಲ್ಲ.

ಇನ್ನೊಂದು ಆಕ್ಷೇಪ ನನಗೆ ಗೊತ್ತು, ಬಾಯಿಬಿಟ್ಟು ಹೇಳದಿದ್ದರೂ. ಮಹಾರಾಷ್ಟ್ರದ ಗೋಡೆಯ ಮೇಲೆ ಕನ್ನಡಿಗರ ಗಂಟು ಯಾಕೆ ಎಂದು. ನಾನು ಕನ್ನಡದ ಬಾವುಟ ಹಾರಿಸಿ ಎನ್ನುತ್ತಿಲ್ಲ. ಬೆಳಗಿನ ಐದು ಗಂಟೆಗೆ ಕಾತ್ರಜ ಚೌಕದಲ್ಲಿ ನಿಂತು ನೋಡಿ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಕಡೆಯ ಬಸ್ಸುಗಳು ಘಾಟು ದಾಟಿ ಬಂದು ನಿಲ್ಲುತ್ತವೆ, ಕ್ಲೀನರ್ ಹುಡುಗ ಡಿಕ್ಕಿ ತೆಗೆದು ಚೀಲ ಎಳೆದು ಹಾಕುತ್ತಾನೆ. ಅದರ ಹಿಂದೆಯೇ ಸಾತಾರಾ, ಸಾಂಗ್ಲಿ, ಕೊಲ್ಲಾಪುರದ ಬಸ್ಸು. ಇಳಿದವರ ಚೀಲಗಳನ್ನು ಸಾಲಾಗಿ ಇಟ್ಟರೆ ಯಾವುದು ಕನ್ನಡ ಯಾವುದು ಮರಾಠಿ ಹೇಳಲು ಬರುವುದಿಲ್ಲ. ಎರಡರಲ್ಲೂ ಜೋಳವೇ. ಬೀಡಿನಿಂದ, ಲಾತೂರಿನಿಂದ ಈ ಊರಿಗೆ ಕೆಲಸ ಹುಡುಕಿ ಬಂದವನಿಗೂ ಗೋಡೆಯ ಮೇಲೆ ಜಾಗ ಇಲ್ಲ, ಅವನು ಅಚ್ಚ ಮರಾಠಿಯವನು.

ಚಿತ್ರ ಇಲ್ಲದಿದ್ದರೆ ಏನು ಮುಳುಗಿಹೋಯಿತು ಎನ್ನುವವರಿಗೆ 2020ನೇ ಇಸವಿ ನೆನಪಿಸಬೇಕು. ಮಾರ್ಚ್‌ನಲ್ಲಿ ಎಲ್ಲ ಬಂದ್ ಆದಾಗ ಗಂಟು ಹೊತ್ತವರು ಇದ್ದಕ್ಕಿದ್ದಂತೆ ಹೆದ್ದಾರಿಯ ಮೇಲೆ ಕಾಣಿಸಿಕೊಂಡರು. ಇಷ್ಟು ಜನ ಎಲ್ಲಿದ್ದರು ಎಂದು ಊರಿನವರಿಗೆ ಆಶ್ಚರ್ಯ! ಅವರ ಊರಿಗೆ ವಿಶೇಷ ರೈಲು ಶುರುವಾದದ್ದು ಮೇ 1ಕ್ಕೆ. ಮೇ 8ರ ನಸುಕಿನಲ್ಲಿ ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ) ಹತ್ತಿರದ ಕರ್ಮಾಡ್ ಬಳಿ, ಜಾಲ್ನಾದಿಂದ ನಡೆದು ಬಂದು ಹಳಿಯ ಮೇಲೆ ಮಲಗಿದ್ದ ಹದಿನಾರು ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಮರುದಿನದ ಪತ್ರಿಕೆಯಲ್ಲಿ ಬಂದ ಫೋಟೋ ನಿಮಗೂ ನೆನಪಿರಬೇಕು. ಹಳಿಗಳ ನಡುವೆ ಚದುರಿದ ರೊಟ್ಟಿಗಳು, ಚಪ್ಪಲಿಗಳು. ರೈಲು ಮತ್ತು ಪ್ರಯಾಣಿಕನ ಸಾಮಾನು ಒಟ್ಟಿಗೆ ಇರುವ, ಇಡೀ ದೇಶ ನೋಡಿದ ಚಿತ್ರ ನಮ್ಮಲ್ಲಿ ಯಾವುದು ಎಂದರೆ ಅದೊಂದೇ. ಬದುಕಿದ್ದಾಗ ಅವರನ್ನು ಯಾರೂ ಬರೆದಿರಲಿಲ್ಲ. ಅದೇ ವರ್ಷದ ದಸರೆಗೆ ಕಲಕತ್ತೆಯ ಬೇಹಾಲಾದ ಬಾರಿಶಾ ಕ್ಲಬ್ಬಿನವರು ದುರ್ಗೆಯನ್ನು ಮಗು ಎತ್ತಿಕೊಂಡ ವಲಸೆ ಹೆಣ್ಣಾಗಿ ಮಾಡಿಸಿ ಪೂಜಿಸಿದರು. ಕಲಾವಿದ ಪಲ್ಲಬ್ ಭೌಮಿಕ್. ನಮ್ಮ ದೇಶದಲ್ಲಿ ಇದು ಆಗದ ಕೆಲಸ ಅಲ್ಲ, ಮಾಡಿಸುವವರು ಬೇಕು.

ಕಾತ್ರಜ ನಿಲ್ದಾಣಕ್ಕೆ ನನಗೆ ಬೇಕಾದ ಚಿತ್ರ ಇಂಥದ್ದು. ಹುಲಿ ಇರಲಿ, ಕೆರೆಯೂ ಇರಲಿ. ಅವುಗಳ ಪಕ್ಕದಲ್ಲಿ, ಮನುಷ್ಯರ ಎತ್ತರಕ್ಕೆ, ಆಗತಾನೇ ಇಳಿದ ಒಂದು ಸಂಸಾರ. ಹೆಂಗಸಿನ ತಲೆಯ ಮೇಲೆ ಕೌದಿಯ ಗಂಟು, ಗಂಡನ ಕೈಯಲ್ಲಿ ತವೆ ಇಟ್ಟ ಬಕೆಟು. ಟ್ರಂಕಿನ ಮೇಲೆ ಕೂತು ತೂಕಡಿಸುವ ಒಬ್ಬ ಹುಡುಗ, ಹೋಟೆಲ್ ಕೆಲಸಕ್ಕೆ ಬಂದವನು. ಲ್ಯಾಪ್‌ಟಾಪ್ ಚೀಲದ ಹುಡುಗಿಯೂ ಇರಲಿ, ಅವಳ ಚೀಲದಲ್ಲೂ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಇರುತ್ತದೆ. ಹೊರೆ ಎತ್ತಲು ಕೈಕೊಡುವ ಒಬ್ಬ ಹಮಾಲ. ಚಿತ್ರದ ಕೆಳಗೆ ಯಾವ ಉಪದೇಶವೂ ಬೇಡ.

ನಿಲ್ದಾಣದ ಗೋಡೆ ಏಳುವ ಮೊದಲೇ ಮಹಾಮೆಟ್ರೋದವರಿಗೆ ಒಂದು ಅರ್ಜಿ ಹೋಗಬೇಕು. ಪುಣೆಯ ಕನ್ನಡ ಸಂಘಗಳು ರಾಜ್ಯೋತ್ಸವದ ಊಟದ ಮೆನು ಚರ್ಚಿಸುವ ಸಭೆಯಲ್ಲಿ ಇದಕ್ಕೂ ಹತ್ತು ನಿಮಿಷ ಕೊಡಲಿ. ಹಮಾಲ್ ಪಂಚಾಯತ್‌ನವರ ಸಹಿಯೂ ಇದ್ದರೆ ಒಳ್ಳೆಯದು. ಅರ್ಜಿ ಮರಾಠಿಯಲ್ಲೇ ಇರಲಿ, ನಮ್ಮಲ್ಲಿ ಚೆನ್ನಾಗಿ ಮರಾಠಿ ಬರೆಯುವವರಿಗೆ ಬರವಿಲ್ಲ. ಕೌದಿಗೆ ಮರಾಠಿಯಲ್ಲಿ ಗೋಧಡಿ ಅನ್ನುತ್ತಾರೆ.